ಪತ್ತನಾಜೆಗೆ ಮೊದಲೇ ಮಳೆ ಹೊಡೆದರೆ: ಮಂಗಳೂರಿನಿಂದ ಉಡುಪಿಗೆ ಕಾರಲ್ಲಿ ಮನೆ ಮುಟ್ಟುವ ಬಗೆ

ಜುಲೈ ಮಳೆಗೆ ನಮ್ಮ ಕಡೆಯವರು ಯಾರೂ ಹೆದರುವುದಿಲ್ಲ. ಮೂರು ದಿನ ಬಿಡದೆ ಸುರಿದರೂ ಕೊಡೆ ಹಿಡಿದುಕೊಂಡು ಪೇಟೆಗೆ ಹೋಗಿ ಬರುತ್ತೇವೆ. ಹೆದರಬೇಕಾದ್ದು ಮೇ ತಿಂಗಳ ಮಳೆಗೆ. ಮಧ್ಯಾಹ್ನದ ತನಕ ಅಂಗಿ ಒದ್ದೆಯಾಗುವಷ್ಟು ಸೆಕೆ. ಟೆರೇಸಿನಲ್ಲಿ ಹಲಸಿನ ಹಪ್ಪಳ ಒಣಗುತ್ತಿರುತ್ತದೆ. ಸಂಜೆ ಐದೂವರೆಗೆ ಮೂಡು ದಿಕ್ಕಿನಲ್ಲಿ ಕಪ್ಪು ಗೋಡೆಯಂತೆ ಮೋಡ. ಆರೂವರೆಗೆ ನೋಡಿದರೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಬೈಕಿನವರು ಬೈಕು ತಳ್ಳಿಕೊಂಡು ಹೋಗುತ್ತಿರುತ್ತಾರೆ.

ಪತ್ತನಾಜೆ ಬರುವುದು ಮೇ 24, 25ರ ಸುಮಾರಿಗೆ. ಯಕ್ಷಗಾನ ಮೇಳದವರು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ. ಆ ದಿನಕ್ಕೆ ಹತ್ತು ಹನಿ ಮಳೆ ಬೀಳಬೇಕು ಅಂತ ಹಿರಿಯರ ಲೆಕ್ಕ. ಅವರು ಹೇಳಿದ್ದು ಹತ್ತು ಹನಿ, ಹತ್ತು ಟ್ಯಾಂಕರ್ ಅಲ್ಲ. ಆದರೆ 2018ರ ಮೇ 29ರಂದು ಮಂಗಳೂರು ಹೇಗೆ ಮುಳುಗಿತು ಅಂತ ನೋಡಿದವರಿಗೆ ನೆನಪಿರಬಹುದು. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂದುಬಿಟ್ಟಿತು. ವಾಡಿಕೆಯ ದಿನ ಜೂನ್ 1. ಅಂದರೆ ಮೇ ಕೊನೆಯ ವಾರ ಈಗ ಬೇಸಿಗೆ ಅಂತ ನಂಬಿ ಕೂರುವ ವಾರ ಅಲ್ಲ.

ನನ್ನ ಮನೆ ಉಡುಪಿಯಲ್ಲಿ, ಕೆಲಸ ಮಂಗಳೂರಲ್ಲಿ. ಹದಿನಾರು ವರ್ಷದಿಂದ ಇದೇ ಐವತ್ತು ಚಿಲ್ಲರೆ ಕಿಲೋಮೀಟರ್ ಹೋಗಿ ಬರುತ್ತಿದ್ದೇನೆ. ನಾನು ಕಂಡಂತೆ ಆಗಸ್ಟ್‌ನಲ್ಲಿ ಇದೇ ರಸ್ತೆಯಲ್ಲಿ ಇದಕ್ಕಿಂತ ಜಾಸ್ತಿ ಮಳೆಗೂ ಆರಾಮಾಗಿ ಓಡಿಸುವವರು ಮೇ ತಿಂಗಳಲ್ಲಿ ಚರಂಡಿಗೆ ಇಳಿಸುತ್ತಾರೆ. ಯಾಕೆಂದರೆ ಆಗ ಯಾವುದೂ ತಯಾರಿರುವುದಿಲ್ಲ. ಏಳು ತಿಂಗಳು ರಸ್ತೆಗೆ ಬಿದ್ದ ಡೀಸೆಲ್, ಗ್ರೀಸ್, ಟೈರಿನ ಪುಡಿ, ಧೂಳು ಎಲ್ಲ ಮೊದಲ ಮಳೆಗೆ ಮೇಲೆದ್ದು ಸಾಬೂನಿನ ನೀರಿನಂತೆ ಆಗುತ್ತದೆ. ಚರಂಡಿಯಲ್ಲಿ ಇನ್ನೂ ಹೂಳು, ಎಳನೀರಿನ ಚಿಪ್ಪು, ಪ್ಲಾಸ್ಟಿಕ್ ತುಂಬಿರುತ್ತದೆ. ವೈಪರ್ ರಬ್ಬರ್ ಬಿಸಿಲಿಗೆ ಒಣಗಿ ಹಪ್ಪಳವಾಗಿರುತ್ತದೆ. ನಮ್ಮ ಕಾಲೂ ಬೇಸಿಗೆಯ ಸ್ಪೀಡಿಗೇ ಒಗ್ಗಿರುತ್ತದೆ.

ಹೊರಡಬೇಕಾ? ಮೊದಲು ಅದನ್ನು ಕೇಳಿಕೊಳ್ಳಿ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಒಂದು ಗಂಟೆ ಕೂತುಬಿಡಿ. ಗುಡುಗು ಮಿಂಚಿನ ಮಳೆಯ ಒಂದೊಂದು ಮೋಡದ ಆಯಸ್ಸು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ಅದರಲ್ಲಿ ಜೋರಾಗಿ ಹೊಡೆಯುವುದು ಮೊದಲ ಅರ್ಧದಲ್ಲೇ. ಅಷ್ಟು ಹೊತ್ತು ಆಫೀಸಿನಲ್ಲೋ ಹೋಟೆಲಿನಲ್ಲೋ ಕೂತರೆ ಮಳೆಯೂ ಇಳಿಯುತ್ತದೆ, ರಸ್ತೆಯ ಎಣ್ಣೆ ಪಸೆಯೂ ತೊಳೆದು ಹೋಗುತ್ತದೆ, ಮೊದಲ ಗಡಿಬಿಡಿಯಲ್ಲಿ ಸಿಕ್ಕಿಬಿದ್ದ ಗಾಡಿಗಳೂ ಕರಗಿರುತ್ತವೆ. ಆರಕ್ಕೆ ಹೊರಟವನು ಒಂಬತ್ತಕ್ಕೆ ಮನೆ ಮುಟ್ಟಿದ್ದಾನೆ, ಏಳಕ್ಕೆ ಹೊರಟ ನಾನು ಎಂಟೂವರೆಗೆ ಮುಟ್ಟಿದ್ದೇನೆ. ಒಂದು ಸಲ ಅಲ್ಲ, ಹಲವು ಸಲ.

ಆದರೆ ಇದು ಬರೀ ಸಂಜೆಯ ಗುಡುಗು ಮಳೆಯೋ ಅಥವಾ ಕಡಲ ಕಡೆಯಿಂದ ಬಂದ ಮಳೆಯೋ ಅಂತ ತಿಳಿದುಕೊಳ್ಳಬೇಕು. ಘಟ್ಟದ ಕಡೆ, ಅಂದರೆ ಮೂಡಿನಲ್ಲಿ ಮೋಡ ಕಟ್ಟಿ ಮಿಂಚು ಜಾಸ್ತಿ ಇದ್ದರೆ ಅದು ಬಂದು ಹೋಗುವ ಮಳೆ. ಪಡುವಣದಿಂದ, ಕಡಲಿನಿಂದ ಗಾಳಿ ಎದ್ದು, ಗುಡುಗು ಕಡಿಮೆ ಇದ್ದು, ಒಂದೇ ಸಮನೆ ಸುರಿಯುತ್ತಿದ್ದರೆ ಅದು ಕೂತರೆ ಮುಗಿಯುವ ಮಳೆ ಅಲ್ಲ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಇರುವ ದಿನಗಳಲ್ಲಿ ಹೀಗಾಗುತ್ತದೆ. ಅಂಥ ದಿನ ಮಂಗಳೂರಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ನಾಚಿಕೆಯ ವಿಷಯವೇನಲ್ಲ. ಚಿಕ್ಕಮ್ಮನಿಗೂ ಖುಷಿ.

ಮೊಬೈಲಿನಲ್ಲಿ ಹವಾಮಾನ ಇಲಾಖೆಯ ಮೌಸಮ್ ಆ್ಯಪ್ ನೋಡಿ. ಅದರ ಅಲರ್ಟ್ ಬಣ್ಣಗಳ ಹಿಂದಿನ ಅಳತೆ ಗೊತ್ತಿದ್ದರೆ ಒಳ್ಳೆಯದು. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ. 115.6 ದಾಟಿದರೆ ಅತಿ ಭಾರೀ. 204.4ಕ್ಕಿಂತ ಮೇಲೆ ಹೋದರೆ ಅತ್ಯಂತ ಭಾರೀ, ರೆಡ್ ಅಲರ್ಟ್ ಅಂತ ಕೊಡುವುದು ಸಾಮಾನ್ಯವಾಗಿ ಇದಕ್ಕೇ. ಆದರೆ ಇವೆಲ್ಲ ಇಡೀ ದಿನದ ಲೆಕ್ಕ. ನಮಗೆ ಬೇಕಾದ್ದು ಮುಂದಿನ ಎರಡು ಗಂಟೆ. ಅದಕ್ಕೆ ಮೂರು ಗಂಟೆಯ ಮುನ್ಸೂಚನೆ ನೋಡಬೇಕು. ಸಿಡಿಲಿಗೆ ದಾಮಿನಿ ಅಂತ ಬೇರೆಯೇ ಆ್ಯಪ್ ಇದೆ. ಎಲ್ಲಕ್ಕಿಂತ ನಂಬಿಕೆಯದ್ದು ದಾರಿ ನಡುವಿನ ಹೆಜಮಾಡಿಯಲ್ಲೋ ಕಾಪುವಿನಲ್ಲೋ ಇರುವ ಗೆಳೆಯನಿಗೆ ಒಂದು ಫೋನ್. "ಅಲ್ಲಿ ಎಂತ ಕತೆ ಮಾರಾಯ?" ಅಂತ ಕೇಳಿ. "ಇಲ್ಲಿ ಒಂದು ಹನಿ ಇಲ್ಲ" ಅಂದರೆ ನಿಮ್ಮ ಕಷ್ಟ ಸುರತ್ಕಲ್ ತನಕ ಮಾತ್ರ.

ಇನ್ನೊಂದು ವಿಷಯ ಹೆಚ್ಚಿನವರು ನೋಡುವುದೇ ಇಲ್ಲ. ಕಡಲಿನ ಭರತ, ಅಂದರೆ ಉಬ್ಬರ. ಮಂಗಳೂರಿನ ತೋಡುಗಳೆಲ್ಲ ಕೊನೆಗೆ ನದಿಗೆ, ಕಡಲಿಗೆ ಹೋಗಿ ಸೇರಬೇಕು. ಭರತದ ಹೊತ್ತಿನಲ್ಲಿ ಕಡಲು ನೀರು ತೆಗೆದುಕೊಳ್ಳುವುದಿಲ್ಲ, ತೋಡು ಹಿಂದಕ್ಕೆ ಉಬ್ಬುತ್ತದೆ. ಅದೇ ಮಳೆ ಇಳಿತದ ಹೊತ್ತಿಗೆ ಬಂದರೆ ಅರ್ಧ ಗಂಟೆಯಲ್ಲಿ ರಸ್ತೆ ಖಾಲಿ. ಭರತದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಮೀನುಗಾರರ ಮನೆಯಾದರೆ ಕೇಳುವುದೇ ಬೇಡ.

ಕಾರಿನ ಹತ್ತಿರ ಐದು ನಿಮಿಷ

ವೈಪರ್‌ನಿಂದ ಶುರು ಮಾಡಿ. ತೋಳನ್ನು ಎತ್ತಿ ರಬ್ಬರಿನ ಅಂಚಿನ ಮೇಲೆ ಬೆರಳು ಓಡಿಸಿ. ಬೆರಳಿಗೆ ಕಪ್ಪು ಹತ್ತಿದರೆ, ಅಂಚು ಗರಗಸದ ಹಾಗೆ ಸಿಕ್ಕಿದರೆ ಅದು ಮುಗಿದಿದೆ. ನನಗೆ ಈ ಪಾಠ ಆದದ್ದು ಬೈಕಂಪಾಡಿಯಲ್ಲಿ. ಡ್ರೈವರ್ ಬದಿಯ ರಬ್ಬರ್ ಪೂರ್ತಿ ಕಿತ್ತು ಬಂದು ಗಾಜಿನ ಮೇಲೆ ಕೇರೆ ಹಾವಿನ ಹಾಗೆ ಒದ್ದಾಡಲು ಶುರು ಮಾಡಿತು. ಮುಂದಿನ ಬೀಸಿಗೆ ಬರೀ ತಗಡು ಗಾಜನ್ನು ಗೀರಿತು. ಆ ಅರ್ಧ ಚಂದ್ರದ ಗೀರು ಇವತ್ತಿಗೂ ಇದೆ. ರಾತ್ರಿ ಎದುರಿನಿಂದ ಲಾರಿ ಬಂದಾಗ ಅದರ ಬೆಳಕು ಸರಿಯಾಗಿ ಅಲ್ಲಿಗೇ ಬಂದು ಎರಡಾಗಿ ಒಡೆಯುತ್ತದೆ. ಅವತ್ತು ಬಚಾವಾದದ್ದು ಹೇಗೆ ಅಂದರೆ, ಪೆಟ್ರೋಲ್ ಬಂಕಿನ ಮಾಡಿನಡಿ ನಿಲ್ಲಿಸಿ ಎಡಬದಿಯ ವೈಪರ್ ಬ್ಲೇಡ್ ಬಿಚ್ಚಿ ಬಲಬದಿಗೆ ಹಾಕಿದೆ. ಹೆಚ್ಚಿನ ಕಾರುಗಳಲ್ಲಿ ಎಡದ್ದು ಸ್ವಲ್ಪ ಗಿಡ್ಡ, ಆದರೆ ಕೊಕ್ಕೆ ಒಂದೇ. ಕಣ್ಣಿಗೆ ಬೇಕಾದಷ್ಟು ಜಾಗ ಒರೆಸುತ್ತದೆ. ಬರಿದಾದ ಎಡ ತೋಳಿಗೆ ಬಟ್ಟೆ ಸುತ್ತಿ ಕಟ್ಟಿ, ಇಲ್ಲದಿದ್ದರೆ ಅಲ್ಲೂ ಗೀರು ಬೀಳುತ್ತದೆ.

ಟೈರಿನ ಸಾಲುಗಳ ನಡುವೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತದೆ, ಗಮನಿಸಿದ್ದೀರಾ? ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತು ಅಂದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಅಂತ ಅರ್ಥ. ಕಾನೂನಿಗೆ ಅಷ್ಟು ಸಾಕು, ನಮ್ಮ ಮಳೆಗೆ ಸಾಲದು. ನಾನು 3 ಮಿಲಿಮೀಟರ್‌ಗೆ ಬಂದಾಗಲೇ ಬದಲಿಸುತ್ತೇನೆ. ಅದೂ ಏಪ್ರಿಲ್‌ನಲ್ಲಿ. ಮೊದಲ ಮಳೆ ಬಿದ್ದ ಮರುದಿನ ಟೈರ್ ಅಂಗಡಿಯಲ್ಲಿ ಸರತಿ ನಿಲ್ಲಲು ನನ್ನಿಂದಾಗದು.

ಹೆಡ್‌ಲೈಟ್, ಹಿಂದಿನ ಲೈಟ್, ಬ್ರೇಕ್ ಲೈಟ್ ಹತ್ತುತ್ತವಾ ನೋಡಿ. ಮೊಬೈಲ್ ಚಾರ್ಜ್ ಮಾಡಿಟ್ಟುಕೊಳ್ಳಿ. ಕಾರಿನಲ್ಲಿ ಯಾವಾಗಲೂ ಒಂದು ಟಾರ್ಚ್, ಒಂದು ಹಳೆಯ ಬೈರಾಸು (ಟವೆಲ್), ನೀರಿನ ಬಾಟಲಿ, ಬಿಸ್ಕತ್ತು, ಹಗ್ಗ ಇರಲಿ. ಕೊಡೆ ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ. ಕೈಗೆ ಸಿಗುವಲ್ಲಿ ಇಡಿ. ಕಿಟಕಿ ಗಾಜು ಒಡೆಯುವ ಸಣ್ಣ ಸುತ್ತಿಗೆಗೆ ಜಾಸ್ತಿ ದುಡ್ಡೇನೂ ಆಗುವುದಿಲ್ಲ. ಅದನ್ನೂ ಬಾಗಿಲಿನ ಖಾನೆಯಲ್ಲೇ ಇಡಬೇಕು.

ಮನೆಗೆ ಫೋನ್ ಮಾಡಿ ಯಾವ ದಾರಿ, ಎಷ್ಟು ಹೊತ್ತಿಗೆ ಅಂತ ಹೇಳಿ ಹೊರಡಿ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ "ಎಲ್ಲಿ ಮುಟ್ಟಿದ್ರಿ?" ಅಂತ ಕರೆ ಬರುವುದು ತಪ್ಪುತ್ತದೆ. ಪೂರ್ತಿ ತಪ್ಪುವುದಿಲ್ಲ, ಕಡಿಮೆಯಾಗುತ್ತದೆ.

ಪೇಟೆ ದಾಟುವುದು

ಹಂಪನಕಟ್ಟೆ ಕಡೆಯಿಂದ ಉಡುಪಿಗೆ ಹೊರಟವರು ಅಭ್ಯಾಸ ಬಲದಿಂದ ಲಾಲ್‌ಬಾಗ್, ಲೇಡಿಹಿಲ್ ಹಾದು ಕೊಟ್ಟಾರ ಚೌಕಿಗೆ ಇಳಿಯುತ್ತಾರೆ. ಇಳಿಯುತ್ತಾರೆ ಅನ್ನುವ ಪದದಲ್ಲೇ ಎಲ್ಲ ಇದೆ. ತಗ್ಗು ಜಾಗ, ಪಕ್ಕದಲ್ಲೇ ರಾಜಕಾಲುವೆ. ಜೋರು ಮಳೆಗೆ ಮೇಲ್ಸೇತುವೆಯ ಅಡಿ, ಸರ್ವಿಸ್ ರಸ್ತೆ ಎರಡರಲ್ಲೂ ನೀರು ನಿಲ್ಲುತ್ತದೆ. ಅದರ ಬದಲು ಕದ್ರಿ ಕಡೆಯಿಂದ ಕೆಪಿಟಿ (ಕರ್ನಾಟಕ ಪಾಲಿಟೆಕ್ನಿಕ್) ಜಂಕ್ಷನ್‌ಗೆ ಬಂದು ಅಲ್ಲೇ ಹೆದ್ದಾರಿ 66ಕ್ಕೆ ಸೇರಿಕೊಳ್ಳಿ. ಅದು ಎತ್ತರದ ಜಾಗ. ಅಲ್ಲಿಂದ ಕುಂಟಿಕಾನ ದಾಟಿ ಕೊಟ್ಟಾರ ಚೌಕಿಯನ್ನು ಮೇಲ್ಸೇತುವೆಯ ಮೇಲಿನಿಂದಲೇ ದಾಟಬಹುದು. ದೂರ ಸ್ವಲ್ಪ ಜಾಸ್ತಿ, ಆದರೆ ಕೆಳಗೆ ನಿಂತ ಗಾಡಿಗಳ ಸಾಲು ಕಾಣುವಾಗ ಆ ಪೆಟ್ರೋಲಿನ ಬೆಲೆ ಮರೆತುಹೋಗುತ್ತದೆ.

ಪಂಪ್‌ವೆಲ್ ಕಡೆಯಿಂದ ಬರುವವರಿಗೂ ಇದೇ ಮಾತು. ಮೇಲ್ಸೇತುವೆ ಇದ್ದಲ್ಲಿ ಮೇಲೆಯೇ ಹೋಗಿ. ಪಡೀಲಿನ ರೈಲ್ವೆ ಕೆಳಸೇತುವೆಯಂಥ ಜಾಗಗಳ ಕಡೆ ತಲೆ ಹಾಕಬೇಡಿ. ಕೆಳಸೇತುವೆಯಲ್ಲಿ ನೀರು ಎಷ್ಟು ಆಳ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ. ರಸ್ತೆ ಇಳಿಜಾರು, ಆದರೆ ನೀರಿನ ಮೇಲ್ಮೈ ಸಮತಟ್ಟು. ಕಣ್ಣು ಮೋಸ ಹೋಗುತ್ತದೆ.

ಮ್ಯಾಪ್ ಆಗಾಗ ಕೆಂಪು ತೋರಿಸಿ, ಯಾವುದೋ ಒಳರಸ್ತೆ ನೀಲಿ ಗೆರೆ ಎಳೆದು ಕರೆಯುತ್ತದೆ. ಹೋಗಬೇಡಿ. ಅದಕ್ಕೆ ಗಾಡಿ ಇಲ್ಲ ಅಂತ ಮಾತ್ರ ಗೊತ್ತು. ಯಾಕೆ ಇಲ್ಲ ಅಂತ ಗೊತ್ತಿಲ್ಲ. ಗದ್ದೆಯ ನೀರು ರಸ್ತೆಗೆ ಬಂದಿರಬಹುದು, ಹಲಸಿನ ಮರ ಅಡ್ಡ ಬಿದ್ದಿರಬಹುದು. ಹೆದ್ದಾರಿಯಲ್ಲಿ ಸಿಕ್ಕಿಬಿದ್ದರೆ ನಿಮ್ಮ ಜೊತೆ ಇನ್ನೂರು ಜನ ಇರುತ್ತಾರೆ. ಒಳರಸ್ತೆಯಲ್ಲಿ ನೀವು ಮತ್ತು ಕಪ್ಪೆಗಳು ಮಾತ್ರ.

ಹೆದ್ದಾರಿಯ ಮೇಲೆ

ಕೂಳೂರು ಸೇತುವೆ, ಪಣಂಬೂರು, ಬೈಕಂಪಾಡಿ: ಇಷ್ಟು ದೂರ ಬಂದರಿನ ಲಾರಿಗಳದ್ದು, ಟ್ಯಾಂಕರ್‌ಗಳದ್ದು ರಾಜ್ಯ. ಲಾರಿಯ ಹಿಂದೆಯೇ ಅಂಟಿಕೊಂಡು ಹೋದರೆ ಅದರ ಚಕ್ರದಿಂದ ಏಳುವ ಕೆಸರು ನೀರು ನಿಮ್ಮ ಗಾಜಿಗೆ. ಓವರ್‌ಟೇಕ್ ಮಾಡಲು ಹೊರಟರೆ ನಾಲ್ಕೈದು ಸೆಕೆಂಡು ನೀವು ಕುರುಡರು. ಎರಡೂ ಬೇಡ, ಹಿಂದೆ ಸರಿಯಿರಿ. ಎಷ್ಟು ಹಿಂದೆ? ಮುಂದಿನ ಗಾಡಿ ಒಂದು ದೀಪದ ಕಂಬ ದಾಟಿದ ಕೂಡಲೇ "ಒಂದು ಗೋಳಿಬಜೆ, ಎರಡು ಗೋಳಿಬಜೆ" ಅಂತ ಎಣಿಸಲು ಶುರು ಮಾಡಿ. ನೀವು ಅದೇ ಕಂಬ ಮುಟ್ಟುವಾಗ ನಾಲ್ಕಾದರೂ ಗೋಳಿಬಜೆ ಆಗಿರಬೇಕು. 60ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡು ಅಂದರೆ 65 ಮೀಟರ್ ಮೇಲೆ. ಆ ಜಾಗಕ್ಕೆ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ. ನುಗ್ಗಲಿ. ಮತ್ತೆ ಹಿಂದೆ ಸರಿದು ಎಣಿಸಿ.

ವೇಗ 50, 60ಕ್ಕಿಂತ ಮೇಲೆ ಬೇಡ. ಮಳೆ ದಪ್ಪವಾಗಿದ್ದರೆ 40. ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಟೈರಿನ ಸಾಲುಗಳಿಂದ ನೀರು ಹೊರಗೆ ಹೋಗಲು ಸಮಯ ಸಾಲದೆ ಟೈರ್ ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಅದು ಹೇಗೆ ಗೊತ್ತಾಗುತ್ತದೆ ಅಂದರೆ, ಸ್ಟೇರಿಂಗ್ ಇದ್ದಕ್ಕಿದ್ದ ಹಾಗೆ ಹಗುರ. ಬೆಣ್ಣೆಯಲ್ಲಿ ಕೈಯಾಡಿಸಿದ ಹಾಗೆ. ಎಂಜಿನ್ ಸದ್ದು ಒಮ್ಮೆಲೇ ಏರಿರಬಹುದು. ಆಗ ಬ್ರೇಕ್ ಒತ್ತಬೇಡಿ. ಸ್ಟೇರಿಂಗ್ ಎಳೆಯಬೇಡಿ. ಆಕ್ಸಿಲೇಟರ್‌ನಿಂದ ಕಾಲು ಮೆತ್ತಗೆ ತೆಗೆದು, ನೇರ ಹಿಡಿದುಕೊಂಡಿರಿ. ಎರಡು ಸೆಕೆಂಡಿನಲ್ಲಿ ಟೈರ್ ಮತ್ತೆ ನೆಲ ಹಿಡಿಯುತ್ತದೆ. ಆ ಎರಡು ಸೆಕೆಂಡು ಏನೂ ಮಾಡದೆ ಇರುವುದೇ ಕಷ್ಟದ ಕೆಲಸ. ಡಿವೈಡರ್ ಬದಿಯಲ್ಲಿ ನೀರು ಕಟ್ಟಿ ನಿಲ್ಲುವ ಕಡೆಗಳಲ್ಲಿ ಇದು ಜಾಸ್ತಿ. ಹಾಗಾಗಿ ಬಲ ಚಕ್ರವನ್ನು ಆ ನೀರಿಗೆ ಇಳಿಸದ ಹಾಗೆ ನಡುವಿನಲ್ಲೇ ಹೋಗಿ. ಸಾಧ್ಯವಾದರೆ ಮುಂದಿನ ಗಾಡಿಯ ಚಕ್ರ ನೀರು ಸರಿಸಿದ ಗೆರೆಯ ಮೇಲೇ ನಿಮ್ಮ ಚಕ್ರವೂ ಹೋಗಲಿ.

ನಿಜವಾಗಿಯೂ ಗಟ್ಟಿ ಬ್ರೇಕ್ ಬೇಕಾಗಿ ಬಂದರೆ? ನಿಮ್ಮ ಕಾರಿಗೆ ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಇದ್ದರೆ ಒತ್ತಿ ಹಿಡಿಯಿರಿ, ಬಿಡಬೇಡಿ. ಕಾಲಿನಡಿ ಗಡಗಡ ಅಂತ ನಡುಗುತ್ತದೆ, ಅದು ಅದರ ಕೆಲಸ. 2019ರ ಏಪ್ರಿಲ್ ನಂತರದ ಕಾರುಗಳಲ್ಲಿ ಅದು ಕಡ್ಡಾಯ. ಹಳೆಯ ಕಾರಾದರೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಕು.

ಲೈಟಿನ ವಿಷಯದಲ್ಲಿ ನನಗೆ ಸಿಟ್ಟು ಬರುವುದು ಒಂದೇ ಕಾರಣಕ್ಕೆ. ಮಳೆ ಬಂದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡಿಸುವವರು. ಅದು ನಿಂತ ಗಾಡಿಗೆ ಇರುವ ಸಂಜ್ಞೆ ಮಾರಾಯ್ರೆ. ಓಡುವಾಗ ಹಾಕಿದರೆ ನೀವು ಎಡಕ್ಕೆ ಹೋಗುತ್ತೀರೋ ಬಲಕ್ಕೆ ಹೋಗುತ್ತೀರೋ ಹಿಂದಿನವನಿಗೆ ಗೊತ್ತಾಗುವುದಿಲ್ಲ. ಹೆಡ್‌ಲೈಟ್ ಡಿಮ್‌ನಲ್ಲಿ ಹಾಕಿ, ಅಷ್ಟು ಸಾಕು. ಅದರ ಜೊತೆ ಹಿಂದಿನ ಕೆಂಪು ದೀಪವೂ ಹತ್ತುತ್ತದೆ. ಹೈಬೀಮ್ ಹಾಕಿದರೆ ಮಳೆಹನಿಯೇ ಬೆಳಕನ್ನು ವಾಪಸ್ ನಿಮ್ಮ ಕಣ್ಣಿಗೆ ಎಸೆಯುತ್ತದೆ.

ಗಾಜು ಮಂಜಾಗುವುದು ಎರಡು ಬಗೆ. ಒಳಗಡೆ ಮಂಜಾದರೆ ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಆಫ್ ಮಾಡಿ ಹೊರಗಿನ ಗಾಳಿ ಬರಲು ಬಿಡಿ. ಎಸಿ ಗಾಳಿಯ ಪಸೆ ಹೀರುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಇನ್ನೊಂದು ತಮಾಷೆ ಇದೆ. ಎಸಿ ತುಂಬ ತಣ್ಣಗಿಟ್ಟರೆ ಗಾಜು ತಣ್ಣಗಾಗಿ ಹೊರಗಿನ ಬದಿಗೆ ಮಂಜು ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ವೈಪರ್ ಒಂದು ಸಲ ಬೀಸಿದಾಗ ಹೋಯಿತು ಅಂದರೆ ಅದು ಹೊರಗಿನದು. ಎಸಿಯ ತಂಪು ಕಡಿಮೆ ಮಾಡಿ, ಸರಿಯಾಗುತ್ತದೆ.

ಸುರತ್ಕಲ್ ದಾಟಿದ ಮೇಲೆ ಲಾರಿ ಕಡಿಮೆ, ಗಾಳಿ ಜಾಸ್ತಿ. ಕಡಲು ಎಡಬದಿಯಲ್ಲೇ ಇರುತ್ತದೆ. ಪಾವಂಜೆಯಲ್ಲಿ ನಂದಿನಿ ಹೊಳೆಯ ಸೇತುವೆ, ಮೂಲ್ಕಿ ದಾಟಿ ಶಾಂಭವಿಯ ಸೇತುವೆ, ಆಮೇಲೆ ಉದ್ಯಾವರದಲ್ಲಿ ಇನ್ನೊಂದು. ಈ ಮೂರು ಕಡೆ ಅಡ್ಡಗಾಳಿ ಕಾರನ್ನು ಪಕ್ಕಕ್ಕೆ ದೂಡುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ. ಪಕ್ಕದಲ್ಲಿ ಬಸ್ಸು ಹೋಗುವಾಗ ಗಾಳಿ ಒಮ್ಮೆ ನಿಂತು, ಬಸ್ಸು ದಾಟಿದ ಕೂಡಲೇ ಮತ್ತೆ ಹೊಡೆಯುತ್ತದೆ. ಅದಕ್ಕೆ ತಯಾರಿರಿ. ಎಕ್ಸ್‌ಪ್ರೆಸ್ ಬಸ್ಸುಗಳ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಳೆ ಅಂತ ಅವರ ಟೈಮಿಂಗ್ ಬದಲಾಗುವುದಿಲ್ಲ. ಹಾರ್ನ್ ಕೇಳಿದರೆ ಎಡಕ್ಕೆ ಸರಿದು ದಾರಿ ಬಿಡಿ. ಬಸ್ಸು ದಾಟುವ ಮೊದಲೇ ವೈಪರ್ ಪೂರ್ತಿ ವೇಗಕ್ಕೆ ಹಾಕಿಕೊಳ್ಳಿ. ಒಂದು ಕೊಡ ನೀರು ಗಾಜಿಗೆ ಬಂದೇ ಬರುತ್ತದೆ.

ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ ಜಂಕ್ಷನ್‌ಗಳಲ್ಲಿ ಯಾರಾದರೂ ಎದುರು ದಿಕ್ಕಿನಲ್ಲಿ ಬರುತ್ತಾರೆ ಅಂದುಕೊಂಡೇ ಓಡಿಸಿ. ತಲೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಕೊಂಡು, ಲೈಟಿಲ್ಲದೆ, ಯು ಟರ್ನ್ ತನಕ ಹೋಗಲು ಉದಾಸೀನವಾಗಿ ಬರುವ ಸ್ಕೂಟರಿನವರು. ಮೇಲ್ಸೇತುವೆಗಳ ಅಡಿಯಲ್ಲಿ ಬೈಕಿನವರು ಮಳೆ ಬಿಡುವ ತನಕ ಗುಂಪಾಗಿ ನಿಂತಿರುತ್ತಾರೆ, ಅರ್ಧ ರಸ್ತೆಗೆ ಬಂದಿರುತ್ತಾರೆ. ಅಲ್ಲಿಗೆ ಬರುವಾಗ 20ಕ್ಕೆ ಇಳಿಸಿ.

ಮುಂದಿನ ಗಾಡಿಯ ಕೆಂಪು ದೀಪವೇ ಕಾಣದಷ್ಟು ಮಳೆ ಬಂದರೆ ನಿಲ್ಲಿಸುವುದೇ ಸರಿ. ಆದರೆ ಹೆದ್ದಾರಿಯ ಅಂಚಿನಲ್ಲಿ ಅಲ್ಲ, ಹಿಂದಿನಿಂದ ಬರುವವನಿಗೂ ಏನೂ ಕಾಣುವುದಿಲ್ಲ. ಪೆಟ್ರೋಲ್ ಬಂಕ್, ಹೋಟೆಲಿನ ಅಂಗಳ, ಸರ್ವಿಸ್ ರಸ್ತೆಯ ಎತ್ತರದ ಜಾಗ ಯಾವುದಾದರೂ ಆಗಬಹುದು. ಮರದಡಿ ಬೇಡ. ನಾನು ಹೀಗೆ ನಿಲ್ಲಿಸಿದ ಒಂದು ಹೋಟೆಲಿನಲ್ಲಿ ಕರೆಂಟು ಹೋಗಿ, ಕ್ಯಾಂಡಲ್ ಹಚ್ಚಿ, ಬನ್ಸ್ ಬಿಸಿ ಬಿಸಿ ಕೊಟ್ಟರು. ಹೊರಗೆ ಹೆದ್ದಾರಿಯೇ ಕಾಣುತ್ತಿರಲಿಲ್ಲ. ಒಳಗೆ ಪರಿಚಯವಿಲ್ಲದ ಹನ್ನೆರಡು ಜನ ಒಬ್ಬರಿಗೊಬ್ಬರು ತಮ್ಮೂರಿನ ಬೊಳ್ಳದ (ನೆರೆಯ) ಕತೆ ಹೇಳುತ್ತಿದ್ದರು.

ನೀರು ಅಡ್ಡ ಬಂದರೆ

ಡಿವೈಡರ್‌ನ ಬಣ್ಣ ಬಳಿದ ಕಲ್ಲು ನೋಡಿ. ಬಣ್ಣ ಅರ್ಧಕ್ಕಿಂತ ಜಾಸ್ತಿ ಕಾಣುತ್ತಿದ್ದರೆ ನಿಧಾನಕ್ಕೆ ಹೋಗಬಹುದು. ಕಲ್ಲೇ ಕಾಣದಿದ್ದರೆ ವಾಪಸ್. ಮುಂದೆ ಹೋಗುವ ಕಾರಿನ ಚಕ್ರದ ಅರ್ಧದ ತನಕ ನೀರು ಬಂದಿದ್ದರೂ ವಾಪಸ್. ಜೀಪೋ ಬಸ್ಸೋ ದಾಟಿತು ಅಂತ ನಿಮ್ಮ ಸಣ್ಣ ಕಾರು ದಾಟಬೇಕು ಅಂತಿಲ್ಲ. ಅದರ ಎಂಜಿನ್ನಿನ ಉಸಿರಾಟದ ಕೊಳವೆ ಇರುವುದೇ ಬೇರೆ ಎತ್ತರದಲ್ಲಿ. ನಿಂತ ನೀರಿಗಿಂತ ಹರಿಯುವ ನೀರು ಅಪಾಯ. ಒಂದು ಅಡಿ ಹರಿಯುವ ನೀರು ಸಣ್ಣ ಕಾರನ್ನು ಎತ್ತಿ ಸರಿಸಬಲ್ಲದು, ಎರಡು ಅಡಿ ಹೆಚ್ಚಿನ ಎಲ್ಲ ಕಾರುಗಳನ್ನೂ ಕೊಂಡುಹೋಗುತ್ತದೆ. ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿದ್ದರೆ ಕೆಳಗೆ ರಸ್ತೆ ಉಳಿದಿದೆಯಾ ಅಂತಲೂ ಗೊತ್ತಿರುವುದಿಲ್ಲ.

ದಾಟಲೇಬೇಕಾದರೆ ಎದುರಿನ ಗಾಡಿ ಪೂರ್ತಿ ಬರುವ ತನಕ ಕಾಯಿರಿ, ಇಲ್ಲದಿದ್ದರೆ ಅದರ ಅಲೆ ನಿಮ್ಮ ಬಾನೆಟ್ಟಿಗೆ. ಎಸಿ ಆಫ್ ಮಾಡಿ. ಫಸ್ಟ್ ಗೇರ್, ಒಂದೇ ಸಮನೆ ಆಕ್ಸಿಲೇಟರ್, ನಡೆಯುವ ವೇಗ. ನಡುವೆ ಗೇರ್ ಬದಲಿಸಬೇಡಿ, ನಿಲ್ಲಬೇಡಿ. ದಾಟಿದ ಮೇಲೆ ನಿಧಾನಕ್ಕೆ ಹೋಗುತ್ತಾ ನಾಲ್ಕೈದು ಸಲ ಬ್ರೇಕ್ ಮೆತ್ತಗೆ ಒತ್ತಿ ಒಣಗಿಸಿ. ಒದ್ದೆ ಬ್ರೇಕ್ ಮೊದಲ ಸಲ ಹಿಡಿಯುವುದಿಲ್ಲ.

ನಡುನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಂದು ಸಲವೂ ಬೇಡ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲು ಹೋಗುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಇದಕ್ಕೆ ಮಾಮೂಲು ಇನ್ಶೂರೆನ್ಸ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಎಂಜಿನ್ ರಕ್ಷಣೆಯ ಕವರ್ ಬೇರೆ ತೆಗೆದುಕೊಂಡಿರಬೇಕು. ನಮ್ಮ ಪಕ್ಕದ ಮನೆಯವರಿಗೆ ಇದು ಗೊತ್ತಾದದ್ದು ಕೀ ಮೂರು ಸಲ ತಿರುಗಿಸಿದ ಮೇಲೆ. ಗೇರ್ ನ್ಯೂಟ್ರಲ್ ಮಾಡಿ, ನಾಲ್ಕು ಜನ ಸೇರಿ ತಳ್ಳಿ, ಟೋಯಿಂಗ್ ಗಾಡಿಗೆ ಹೇಳಿ.

ನೀರು ಏರುತ್ತಿದ್ದರೆ ಕಾರಿನ ಆಸೆ ಬಿಡಿ. ಕರೆಂಟು ಕೆಲಸ ಮಾಡುವಾಗಲೇ ಕಿಟಕಿ ಇಳಿಸಿ. ಸೀಟ್ ಬೆಲ್ಟ್ ತೆಗೆದು, ಮಕ್ಕಳನ್ನು ಮೊದಲು ಹೊರಗೆ ಕಳಿಸಿ ಕಿಟಕಿಯಿಂದಲೇ ಬನ್ನಿ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದು ಕಷ್ಟ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆಯಿಂದ ಹೊಡೆಯಿರಿ. ಮುಂದಿನ ಗಾಜಿಗೆ ಹೊಡೆದು ಪ್ರಯೋಜನವಿಲ್ಲ, ಅದು ಪದರದ ಗಾಜು.

ಮರ, ತಂತಿ, ಸಿಡಿಲು

ಮೊದಲ ಮಳೆಗೆ ಗಾಳಿ ಜೋರು, ಮರದ ಗೆಲ್ಲುಗಳೆಲ್ಲ ಬೇಸಿಗೆಯಲ್ಲಿ ಒಣಗಿರುತ್ತವೆ. ರಸ್ತೆಯಲ್ಲಿ ಹಸಿರು ಎಲೆ, ಸಣ್ಣ ಗೆಲ್ಲು ಚೆಲ್ಲಿದ್ದು ಕಂಡರೆ ಮುಂದೆ ದೊಡ್ಡದು ಬಿದ್ದಿದೆ ಅಂತಲೇ ತಿಳಿಯಿರಿ.

ವಿದ್ಯುತ್ ತಂತಿ ಕಾರಿನ ಮೇಲೆ ಬಿದ್ದರೆ ಇಳಿಯಬೇಡಿ. ಒಳಗೆ ಇರುವ ತನಕ ಕ್ಷೇಮ. ಒಂದು ಕಾಲು ನೆಲಕ್ಕೆ, ಒಂದು ಕೈ ಕಾರಿಗೆ ತಾಗಿದರೆ ಮುಗಿಯಿತು. ಸಹಾಯಕ್ಕೆ ಓಡಿ ಬರುವವರನ್ನು ಕಿರುಚಿ ದೂರ ನಿಲ್ಲಿಸಿ, ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ, 112ಕ್ಕೆ ಫೋನ್ ಮಾಡಿ. ಕಾರಿಗೆ ಬೆಂಕಿ ಹಿಡಿದರೆ ಮಾತ್ರ, ಕಾರು ಮತ್ತು ನೆಲ ಒಟ್ಟಿಗೆ ಮುಟ್ಟದ ಹಾಗೆ ಎರಡೂ ಕಾಲು ಜೋಡಿಸಿ ಹಾರಿ, ಕುಪ್ಪಳಿಸುತ್ತಾ ದೂರ ಹೋಗಬೇಕು. ನೆಲದಲ್ಲಿ ಬಿದ್ದ ತಂತಿ ನೀರಿನಲ್ಲಿ ಮುಳುಗಿರಬಹುದು. ಕಾರಿನಿಂದ ಇಳಿದು ನೀರಲ್ಲಿ ನಡೆಯಬಾರದು ಅನ್ನುವುದಕ್ಕೆ ಅದೂ ಒಂದು ಕಾರಣ.

ಸಿಡಿಲಿಗೆ ಮುಚ್ಚಿದ ಕಾರು ಒಳ್ಳೆಯ ಜಾಗ. ತಗಡಿನ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಕಿಟಕಿ ಮುಚ್ಚಿ, ಬಾಗಿಲಿನ ಲೋಹ ಮುಟ್ಟದೆ ಕೂತಿರಿ.

ಬೈಕಿನವರಿಗೆ ನನ್ನ ಹತ್ತಿರ ಇರುವುದು ಒಂದೇ ಸಲಹೆ: ನಿಲ್ಲಿಸಿ, ಬಸ್ಸಿನಲ್ಲಿ ಹೋಗಿ. ಘಟ್ಟ ಹತ್ತುವವರಿಗೂ ಅದೇ. ಮೊದಲ ಭಾರೀ ಮಳೆಯ ರಾತ್ರಿ ಶಿರಾಡಿ, ಚಾರ್ಮಾಡಿ ಬೇಡ. ಆಗುಂಬೆಯ 14 ತಿರುವುಗಳಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಮಣ್ಣಿಗೆ ಒಮ್ಮೆಲೇ ನೀರು ಇಳಿದಾಗ ಗುಡ್ಡ ಏನು ಮಾಡುತ್ತದೆ ಅಂತ ಹೇಳಲಾಗದು.

ಕೊನೆಯ ಐದು ಕಿಲೋಮೀಟರ್

ಉಡುಪಿಯ ಅಂಬಲಪಾಡಿ ಮುಟ್ಟಿದ ಕೂಡಲೇ ಮನೆ ಬಂತು ಅಂತ ಕಾಲು ತಾನಾಗಿ ಒತ್ತುತ್ತದೆ. ಇಲ್ಲೇ ಜಾಗ್ರತೆ ಬೇಕು. ಕಲ್ಸಂಕದಲ್ಲಿ ಇಂದ್ರಾಣಿ ತೋಡು ಉಕ್ಕಿದರೆ ರಸ್ತೆ ಯಾವುದು ತೋಡು ಯಾವುದು ಅಂತ ಗೊತ್ತಾಗುವುದಿಲ್ಲ. ಅಲ್ಲಿ ನೀರಿದ್ದರೆ ಕಾರನ್ನು ಎತ್ತರದ ಜಾಗದಲ್ಲಿ ಬಿಟ್ಟು, ಮನೆಯವರಿಗೆ ಹೇಳಿ, ನೀರು ಇಳಿಯುವ ತನಕ ಕಾಯಿರಿ. ನಡೆದುಕೊಂಡು ದಾಟುವ ಸಾಹಸ ಬೇಡ. ಮುಚ್ಚಳ ಇಲ್ಲದ ಚರಂಡಿ ನೀರಿನಡಿ ಕಾಣುವುದಿಲ್ಲ. ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ನಂಬರ್ 1077. ಹೆದ್ದಾರಿಯ ಮೇಲೆ ತೊಂದರೆಯಾದರೆ 1033.

ಮನೆ ಮುಟ್ಟಿದ ಮೇಲೆ ಕಾರನ್ನು ತೆಂಗಿನ ಮರದಡಿ ನಿಲ್ಲಿಸಬೇಡಿ. ಆಳ ನೀರು ದಾಟಿ ಬಂದಿದ್ದರೆ ಮರುದಿನ ಗ್ಯಾರೇಜಿನಲ್ಲಿ ಏರ್ ಫಿಲ್ಟರ್, ಬ್ರೇಕ್, ಎಂಜಿನ್ ಆಯಿಲ್ ತೋರಿಸಿ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಸ್ಟಾರ್ಟ್ ಕೂಡ ಮಾಡಬೇಡಿ, ಅದಕ್ಕೆ ನೀರು ಸೇರಿದೆ. ಮ್ಯಾಟ್ ತೆಗೆದು ಒಣಗಿಸಿ, ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಒದ್ದೆಯಾಗಿದ್ದರೆ ಬಿಸಿಲು ಬಂದಾಗ ನಾಲ್ಕೂ ಬಾಗಿಲು ತೆರೆದಿಡಿ. ಇಲ್ಲದಿದ್ದರೆ ಸೆಪ್ಟೆಂಬರ್ ತನಕ ಕಾರಿನಲ್ಲಿ ಒಣಮೀನಿನ ವಾಸನೆ. ಸಂಜೆ ಬಾಗಿಲು ಹಾಕುವಾಗ ಹಿಂದಿನ ಸೀಟಿನಲ್ಲಿ ಬೆಕ್ಕು ಮಲಗಿದೆಯಾ ಅಂತ ಒಮ್ಮೆ ನೋಡಿ.